ಗಟಾರದ ಕೆಸರು, ಗೋಳಿಬಜೆ

ನನ್ನ ಉದ್ಯೋಗ ಯಾವುದೆಂದು ಹೇಳಿದರೆ ಸಾಕು, ಎದುರಿಗಿದ್ದವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಗಟಾರದ ನೀರನ್ನು ಶುದ್ಧಿ ಮಾಡಿದ ಮೇಲೆ ಉಳಿಯುವ ಕೆಸರನ್ನು ಮಹಾಪೆಯ ಲ್ಯಾಬಿನಲ್ಲಿ ಪರೀಕ್ಷಿಸುವವಳು ನಾನು. ಮನುಷ್ಯರ ಹೊಟ್ಟೆಯ ಬ್ಯಾಕ್ಟೀರಿಯಾ ಅದರಲ್ಲಿ ಇನ್ನೂ ಎಷ್ಟಿದೆ ನೋಡಿ, ಗೊಬ್ಬರಕ್ಕೆ ಪಾಸೋ ಫೇಲೋ ಹೇಳಬೇಕು. ಇಂಥವಳಿಗೆ ಗಂಡು ಸಿಗುವುದುಂಟೇ ಎಂಬುದು ಡೊಂಬಿವಲಿಯ ಮನೆಯಲ್ಲಿ ನಮ್ಮಮ್ಮನ ನಿತ್ಯದ ಚಿಂತೆ.

ಆರಾಮದ ಸೀಟು

ಒಮ್ಮೆ ಲ್ಯಾಬಿನ ಗಾಡಿ ಕೆಟ್ಟಿತು. ಸ್ಯಾಂಪಲ್ಲಿನ ಐಸ್‌ಪೆಟ್ಟಿಗೆ ಹಿಡಿದು ಕಲ್ಯಾಣದಲ್ಲಿ ಲೋಕಲ್ ರೈಲು ಹತ್ತಿದೆ. ಕಾಲಿಡಲು ಜಾಗವಿಲ್ಲದ ಗರ್ದಿ. ಪಕ್ಕದ ಆಂಟಿ ಪೆಟ್ಟಿಗೆ ತಟ್ಟಿ, "ಪಾಪ್ಲೆಟ್ ಆಹೇ ಕಾ? ನನಗೂ ಎರಡು ಮೀನು ಕೊಡು" ಎಂದಳು. ಒಳಗೇನಿದೆ ಎಂದು ಹೇಳಿದೆ. ಠಾಣೆಯಲ್ಲಿ ರೈಲು ಇಳಿಯುವವರೆಗೆ ಮೂವರ ಸೀಟಿನಲ್ಲಿ ನಾನು, ಪೆಟ್ಟಿಗೆ, ಇಬ್ಬರೇ.

ಬೆಚ್ಚಗಿನ ಮೂಲೆ

ಚಳಿಗೆ ಅಮ್ಮನ ಇಡ್ಲಿ ಹಿಟ್ಟು ಉಬ್ಬಲಿಲ್ಲ.

"ನಿಮ್ಮ ಲ್ಯಾಬಲ್ಲಿ ದಿನವಿಡೀ ಬೆಚ್ಚಗಿರುವ ಪೆಟ್ಟಿಗೆ ಉಂಟಲ್ಲ, ಒಂದು ಮೂಲೆಯಲ್ಲಿಡು ಮಾರಾಯ್ತಿ."

"ಅದರಲ್ಲಿ ಏನು ಬೆಳೆಸ್ತೇವೆ ಗೊತ್ತುಂಟಾ?"

"ಗೊತ್ತುಂಟು. ಮುಚ್ಚಳ ಗಟ್ಟಿ ಹಾಕಿ ಕೊಡ್ತೇನೆ."

ಮರುಪರೀಕ್ಷೆ

ಘಣಸೋಲಿಯಲ್ಲಿ ಹೋಟೆಲಿರುವ ಉಡುಪಿ ಕಡೆಯವರು ನನ್ನನ್ನು ನೋಡಲು ಬಂದರು. "ಲ್ಯಾಬ್ ಅಂತ ಮಾತ್ರ ಹೇಳು, ಕೆಸರಿನ ಸುದ್ದಿ ಬೇಡ" ಎಂದು ಅಮ್ಮ ಕೈಮುಗಿದಿದ್ದರು. ಹುಡುಗ ನನಗೆ ನೋಡಿದ ಕೂಡಲೇ ಇಷ್ಟವಾಗಿಬಿಟ್ಟ, ಅದೇ ಕಷ್ಟ.

ಅವನು ಬಾತ್‌ರೂಮಿಗೆ ಎದ್ದು ಹೋದಾಗ ಅವನಪ್ಪ ಕೇಳಿಯೇಬಿಟ್ಟರು: "ಎಂಥದ್ದರ ಲ್ಯಾಬು?"

ಸುಳ್ಳು ಬಾಯಿಗೆ ಬರಲಿಲ್ಲ. ಹೇಳಿದೆ. ಗೋಳಿಬಜೆ ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಅಮ್ಮ ಅಡುಗೆಮನೆಗೆ ಓಡಿದರು.

"ಹಾಗಾದ್ರೆ ಕೈ ತೊಳೀತೀಯಲ್ಲ?" ಎಂದರು ಹುಡುಗನ ಅಪ್ಪ.

"ಸೋಪು ಹಾಕಿ, ಮೊಣಕೈವರೆಗೆ. ಬೆರಳ ಸಂದಿ, ಉಗುರು ಎಲ್ಲ."

ಅವರ ಕಣ್ಣು ತುಂಬಿ ಬಂತು. "ಕೈ ತೊಳೀರಿ ಅಂತ ಅಡುಗೆಯವರಿಗೆ ಬೈದು ಬೈದು ನನ್ನ ಗಂಟಲು ಹೋಯ್ತು. ಇಂಥ ಸೊಸೆಯೇ ಬೇಕು! ನಮಗೆ ಒಪ್ಪಿಗೆ. ನಿನಗೆ?"

ಅಷ್ಟರಲ್ಲಿ ಹುಡುಗ ಬಂದ. ನಲ್ಲಿಯ ಸದ್ದೇ ಕೇಳಿರಲಿಲ್ಲ. ಒಣಗಿದ ಕೈ ನೇರ ಗೋಳಿಬಜೆಯ ತಟ್ಟೆಗೆ ಹೋಯಿತು.

"ಫೇಲ್!" ಅಭ್ಯಾಸಬಲದಿಂದ ನನ್ನ ಬಾಯಿಂದ ಹಾರಿತು.

"ಕ್ಯಾ ಹುವಾ?" ಎಂದ ಹುಡುಗ.

ಅಪ್ಪ ಮಗನ ಕೈ ನೋಡಿದರು. "ಹೋಗೋ, ತೊಳ್ಕೊಂಡು ಬಾ!"

"ನಮ್ಮಲ್ಲಿ ಮರುಪರೀಕ್ಷೆ ಉಂಟು" ಎಂದೆ, ನಾಚುತ್ತ.

ಪಾಸಾದ. ಮದುವೆಯೂ ಆಯಿತು. ಇವತ್ತಿಗೂ ನನ್ನ ಗಂಡ ಬಾತ್‌ರೂಮಿನಿಂದ ಹೊರಬಂದರೆ ಒದ್ದೆ ಕೈಗಳೆರಡನ್ನೂ ಎತ್ತಿ ನನ್ನೆದುರು ನಿಲ್ಲುತ್ತಾರೆ. ಅವರ ಹಿಂದೆ, ಸಾಲಿನಲ್ಲಿ, ಮಾವನವರೂ.