ಮಲಗಿದ್ದಾಗ ತೆಗೆದ ಅಳತೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ದೊಡ್ಡ ಮಾತುಗಳೂ ಬರುವುದಿಲ್ಲ. ಈಗ ಹೊಲಿಗೆ ಕಲಿಯುತ್ತಿದ್ದೇನೆ. (ಹೊಲಿಯುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಈ ಬರಹವೂ ಹಾಗೆಯೇ ಮೂರು ಸಲ ಬಿಚ್ಚಿ ಹೊಲಿದದ್ದು.)

ನನ್ನ ಅಪ್ಪ ಪೇಂಟರ್. ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುತ್ತಾರೆ. ಇಪ್ಪತ್ತು ವರ್ಷ ಬಿಸಿಲಿಗೆ ಬೆನ್ನು ಕೊಟ್ಟು ಅವರ ಕತ್ತು ಸುಟ್ಟ ಬದನೆಕಾಯಿಯಂತಾಗಿದೆ. ಡಾಕ್ಟರು ನೋಡಿ, "ಇನ್ನೊಮ್ಮೆ ಹೀಗೆ ಬೆಂದರೆ ಏಣಿ ಹತ್ತೋದು ಬಿಡಬೇಕಾಗುತ್ತೆ" ಎಂದರು. ಏಣಿ ಬಿಟ್ಟರೆ ಅಪ್ಪ ಅಪ್ಪನಾಗಿ ಉಳಿಯುವುದಿಲ್ಲ. ಆದ್ದರಿಂದ ನಾನು ಮುಲಾಮಿನ ಡಬ್ಬಿ ಹಿಡಿದು ಹೋದೆ.

"ಊರಿಗೆಲ್ಲ ಬಳಿಯೋನು ನಾನು. ನನಗೇ ಬಳಿಯೋಕೆ ಬಂದ್ಯಾ? ಕೈ ಜಿಡ್ಡಾದ್ರೆ ಬ್ರಷ್ ನಿಲ್ಲಲ್ಲ ಕಣೆ!"

"ಕತ್ತಿಗೆ ಅಪ್ಪ, ಕೈಗಲ್ಲ."

"ಕತ್ತು ಒರೆಸ್ಕೊಳ್ಳೋದು ಕೈಯಲ್ಲೇ ತಾನೆ?"

ವಾದದಲ್ಲಿ ಸೋತೆ, ಹಠದಲ್ಲಿ ಸೋಲಲಿಲ್ಲ. ಅಮ್ಮನ ಹಳೆಯ ಹೂವಿನ ಪರದೆಯಲ್ಲಿ "ಸೂರ್ಯಸಂಹಾರ ಕವಚ" ಹೊಲಿಯಲು ನಿರ್ಧರಿಸಿದೆ: ಬೆರಳು ಮುಟ್ಟುವ ತೋಳು, ಕಿವಿ ಮುಟ್ಟುವ ಕಾಲರು. ಅಪ್ಪ ಅಳತೆಗೆ ನಿಲ್ಲಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ ಉಸಿರು ಬಿಗಿಹಿಡಿದು ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಲೆಕ್ಕ ಬಂತು. ಶಾಲೆಯಲ್ಲಿ ಎಂದೂ ಹಾಗಾಗಿರಲಿಲ್ಲ.

ಗೊಣಗುತ್ತಲೇ ಕವಚ ತೊಟ್ಟು ಹೋದ ಅಪ್ಪ ಸಂಜೆ ಹಿಂತಿರುಗಿದರು. ಕತ್ತು ತಣ್ಣಗಿತ್ತು. ಆದರೆ ಕೂರಲಾರರು, ಬಗ್ಗಲಾರರು. ಅಂಗಿ ಎತ್ತಿದರೆ ಸೊಂಟದ ಸುತ್ತ ಕೆಂಪು ಬೆಲ್ಟು!

"ಕೈ ಎತ್ತಿದಾಗೆಲ್ಲ ನಿನ್ನ ಕವಚಾನೂ ಮೇಲೆ ಏಳುತ್ತೆ. ನಾನು ಕೆಲಸ ಮಾಡೋದೇ ಕೈ ಎತ್ತಿ!"

"ಕತ್ತಿನ ಬಿಸಿಲು ಸೊಂಟಕ್ಕೆ ವರ್ಗ ಆಯ್ತು ಬಿಡಿ," ಎಂದರು ಅಮ್ಮ.

"ಪರದೆ ಹೂವು ನೋಡಿ, ಉದ್ಯಾನವನ ಏಣಿ ಹತ್ತಿದೆ ಅಂತ ಎಲ್ಲ ನಗ್ತಾರೆ. ನಾಳೆಯಿಂದ ಬನಿಯನ್ನೇ ಸಾಕು ನನಗೆ."

ಬನಿಯನ್ ಎಂದರೆ ಮತ್ತೆ ಕತ್ತು ಬೇಯುತ್ತದೆ. ಡಾಕ್ಟರ ಮಾತು ನಿಜವಾಗುತ್ತದೆ. "ಇನ್ನೊಂದೇ ದಿನ ಇದನ್ನೇ ಹಾಕ್ಕೊಳ್ಳಿ. ನೀವು ಹೇಗೆ ಕೆಲಸ ಮಾಡ್ತೀರೋ ನಾನೇ ಬಂದು ನೋಡ್ತೀನಿ," ಎಂದೆ. (ಅಂಗಡಿಯಲ್ಲಿ ಉಪ್ಪು ಕೇಳಲೂ ನಾಚುವವಳು ನಾನು. ಈ ಮಾತು ಯಾರ ಬಾಯಿಂದ ಬಂತೋ ಗೊತ್ತಿಲ್ಲ.)

ಮರುದಿನ ಗೋಡೆಯ ಎದುರು ಪುಸ್ತಕ ಹಿಡಿದು, ಕೊರಳಿಗೆ ಟೇಪು ನೇತುಹಾಕಿ ನಿಂತೆ. ಅಪ್ಪ ಅಂಗಿಯ ಅಂಚನ್ನು ಪ್ಯಾಂಟಿನೊಳಗೆ ತುರುಕಿಕೊಂಡಿದ್ದರು. ಆದರೂ ಪ್ರತಿ ಸಲ ಕೈ ಎತ್ತಿದಾಗ ಅದು ಹೊರಬಂದು ನಾಲ್ಕು ಇಂಚು ಏರುತ್ತಿತ್ತು. ಬರೆದುಕೊಂಡೆ. ಪಕ್ಕದ ಏಣಿಯವರು ಕೂಗಿದರು, "ಅದ್ಯಾರಣ್ಣ, ಇಂಜಿನಿಯರಮ್ಮನಾ?"

"ನನ್ನ ಟೈಲರು!" ಎಂದರು ಅಪ್ಪ, ಗೋಡೆಗೆ ಮುಖ ಮಾಡಿಕೊಂಡೇ.

ಆ ಮಾತಿನ ಸಂತೋಷದಲ್ಲಿ ಮಧ್ಯಾಹ್ನದವರೆಗೂ ಅಲ್ಲಿಂದ ಕದಲಲಿಲ್ಲ. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕುಸಿದು ಕೂತು ನಕ್ಕರು. ನನ್ನ ಮುಖ, ಕತ್ತು ಎಲ್ಲ ಕೆಂಡ. ಟೇಪು ಇದ್ದ ಕಡೆ ಮಾತ್ರ ಬಿಳಿ ಪಟ್ಟಿ. "ಇಂಚಿನ ಗೆರೆಯೂ ಮೂಡಿದೆಯಾ ನೋಡೋಣ, ತಿರುಗು!"

ಸಂಜೆ ಬಂದ ಅಪ್ಪ ನಗಲಿಲ್ಲ. ಒದ್ದೆ ಬಟ್ಟೆ ತಂದು ನನ್ನ ಕತ್ತಿನ ಮೇಲೆ ಹಾಕಿದರು. "ನನ್ನ ಚರ್ಮ ಉಳಿಸೋಕೆ ಬಂದು ನಿನ್ನದು ಸುಲಿಸ್ಕೊಂಡ್ಯಾ? ಬಿಸಿಲಲ್ಲಿ ಕತ್ತು ಮುಚ್ಕೊಳ್ದೆ ನಿಲ್ತಾರಾ ಯಾರಾದ್ರೂ?" ಇಪ್ಪತ್ತು ವರ್ಷ ನಿಂತವರು ಕೇಳುತ್ತಿದ್ದಾರೆ!

"ನೀನೂ ಒಂದು ಹೊಲ್ಕೊಂಡು ಹಾಕ್ಕೊ. ಆಗ ನಾನೂ ಹಾಕ್ಕೋತೀನಿ. ಇಲ್ಲಾಂದ್ರೆ ಇಬ್ಬರಿಗೂ ಬೇಡ."

ನಾಳೆ ಬೆಳಿಗ್ಗೆ ಅಪ್ಪನ ಅಂಗಿಯ ಎರಡೂ ಬದಿ ಬಿಚ್ಚಿ, ಕೈ ಎತ್ತಿದರೂ ಅಂಗಿ ಏಳದ ಹಾಗೆ ಕಂಕುಳಲ್ಲಿ ಅಂಗೈ ಅಗಲದ ತುಂಡು ಸೇರಿಸಿ, ಕೆಳಗೆ ಆರು ಇಂಚು ಉದ್ದ ಕೊಡುತ್ತೇನೆ. ಉಳಿದ ಹೂವಿನ ಪರದೆಯಲ್ಲಿ ನನಗೊಂದು ಹೊಲಿದುಕೊಂಡು, ಅದನ್ನು ತೊಟ್ಟು ಬೀದಿಯಲ್ಲಿ ನಡೆಯುತ್ತೇನೆ.