ಗೋಫೆರ್ ಮರದ ಹಡಗು

ಹೆಸ್ಕೇಲ್ ಮಾಡಿದ ತಪ್ಪು ಒಂದೇ. ಶಾಲೆಯ ಹೆಡ್‌ಮಿಸ್ ಎಫ್ರಾತ್ ಮೇಡಂ, "ಮಕ್ಕಳ ನಾಟಕಕ್ಕೆ ಜಲಪ್ರಳಯದ ಕಥೆಯ ನೋಹನ ಹಡಗು ಬೇಕು. ಶಾಸ್ತ್ರದಲ್ಲಿ ಹೇಳಿದ ಹಾಗೆ ಗೋಫೆರ್ ಮರದ್ದೇ ಆಗಬೇಕು" ಅಂದಾಗ, "ಆಗ್ಲಿ ಮೇಡಂ" ಅಂದುಬಿಟ್ಟ. ಹಡಗು ಚೆನ್ನಾಗಿ ಬಂದರೆ ಶಾಲೆಯ ಬೆಂಚುಗಳ ಕೆಲಸವೂ ಅವನಿಗೇ ಸಿಗುವುದಿತ್ತು. ಜೆರುಸಲೇಮಿನ ಆ ಓಣಿಯಲ್ಲಿದ್ದ ಅವನ ಬಡಗಿ ಅಂಗಡಿಗೆ ತಿಂಗಳುಗಟ್ಟಲೆಯಿಂದ ಕಾಲು ಮುರಿದ ಕುರ್ಚಿಗಳು ಬಿಟ್ಟರೆ ಬೇರೇನೂ ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಮರದ ವ್ಯಾಪಾರಿ ಜಖಾರಿಯಾನ ಹತ್ತಿರ ಹೋಗಿ ಗೋಫೆರ್ ಕೇಳಿದ.

"ಗೋಫೆರ್ ಅಂದ್ರೆ ದೇವದಾರು ಕಣಯ್ಯ," ಅಂದ ಜಖಾರಿಯಾ. "ಯೆಮನ್‌ನಲ್ಲಿ ನಮ್ಮಜ್ಜ ಶಾಸ್ತ್ರಾನ ಅರಮಾಯಿಕ್ ಭಾಷೆಯಲ್ಲಿ ಓದೋರು. ಅದ್ರಲ್ಲಿ ಹಾಗೇ ಇದೆ." ಅವನ ಗೋದಾಮಿನಲ್ಲಿ ದೇವದಾರು ಯಾರೂ ಕೇಳದೆ ಬಿದ್ದಿತ್ತು ಅನ್ನೋದು ಬೇರೆ ಮಾತು.

ಹೆಸ್ಕೇಲ್ ಅದನ್ನೇ ತಂದು ಕೆಲಸ ಶುರುಮಾಡಿದ. ಹಡಗಿನ ಗೋಡೆಗಳು ಏಳುವಷ್ಟರಲ್ಲಿ, ಎದುರುಮನೆಯ ನಿವೃತ್ತ ಹೀಬ್ರೂ ಮೇಷ್ಟ್ರು ಗುಟ್ಮನ್ ಕಿಟಕಿಯಿಂದ ಕತ್ತು ಚಾಚಿದರು.

"ದೇವದಾರಾ? ಯಾವನಯ್ಯ ಹೇಳಿದ್ದು? ಗೋಫೆರ್, ಸೈಪ್ರೆಸ್. ಸದ್ದು ಕೇಳು, ಅಣ್ಣತಮ್ಮಂದಿರ ಹಾಗಿಲ್ವಾ? ಪಾಪ, ಇಡೀ ಶಾಸ್ತ್ರದಲ್ಲಿ ಆ ಪದ ಬರೋದೇ ಒಂದ್ಸಲ. ಅದನ್ನೂ ಕೆಡಿಸ್ತೀಯಾ?"

ಹೆಸ್ಕೇಲ್ ಮತ್ತೆ ಓಡಿ ಸೈಪ್ರೆಸ್ ಹಲಗೆ ತಂದು ತಳಕ್ಕೆ ಹಾಕಿದ. ಅಷ್ಟರಲ್ಲಿ ಪಕ್ಕದ ಸೂಪಿನ ಅಂಗಡಿಯ ಸಬ್ರಿಯಾ ಸೌಟು ಹಿಡಿದುಕೊಂಡೇ ಬಂದಳು.

"ಗೋಫೆರ್ ಅನ್ನೋ ಮರವೇ ಇಲ್ಲ ಕಣೋ. ಅದೇ ಸಾಲಲ್ಲಿ ಕೋಫೆರ್ ಅಂತಿದೆ ನೋಡು, ಡಾಂಬರು ಅಂತ. ಬರೆದವನ ಕೈ ಜಾರಿ ಕೋಫೆರೇ ಗೋಫೆರ್ ಆಗಿರುತ್ತೆ. ಡಾಂಬರು ಬಳಿದ ಮರ ಅಂತ ಅರ್ಥ, ಅಷ್ಟೇ."

"ಶಾಸ್ತ್ರದಲ್ಲಿ ಕೈ ಜಾರುತ್ತೇನಮ್ಮಾ?" ಹಲಗೆಯ ಬಾಕಿ ಕೇಳಲು ಬಂದಿದ್ದ ಜಖಾರಿಯಾ ಕೆಂಪಾದ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ಮೂವರ ಮಾತಿನ ನಡುವೆ ಹೆಸ್ಕೇಲನ ತಲೆ ವಾಷಿಂಗ್ ಮಷಿನ್ನಿಗೆ ಬಿದ್ದ ಕಾಲುಚೀಲದ ಹಾಗೆ ಗಿರಗಿರ ಸುತ್ತತೊಡಗಿತು. ಎಲ್ಲ ಕೆಲಸ ನಿಲ್ಲಿಸಿ ಶಬ್ಬಾತಿನ ದೀಪ ಹಚ್ಚುವ ಹೊತ್ತು ಬೇರೆ ಹತ್ತಿರವಾಗುತ್ತಿತ್ತು. ಕೊನೆಗೆ ಯಾರೂ ಯಾವ ಮರವನ್ನೂ ನೋಡದಿರಲಿ ಅಂತ ಒಂದು ಡಬ್ಬ ಡಾಂಬರು ತಂದು ಒಳಗೂ ಹೊರಗೂ ಬಳಿದುಬಿಟ್ಟ.

ಬಳಿದು ಮುಗಿಸುತ್ತಿದ್ದಂತೆ ಮೇಡಂ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಹಡಗಿನ ಸುತ್ತ ಒಂದು ಸುತ್ತು ಹಾಕಿದರು.

"ಯಾವ ಮರ ಅಂತ ಗೊತ್ತೇ ಆಗಲ್ಲ," ಅಂದರು. ಹೆಸ್ಕೇಲ್ ಡಾಂಬರಿನ ಡಬ್ಬವನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ. "ಅದೇ ಸರಿ. ಗೋಫೆರ್ ಯಾವ ಮರ ಅಂತ ಯಾರಿಗೂ ಗೊತ್ತಿಲ್ಲವಲ್ಲ. ಎಷ್ಟು ಯೋಚನೆ ಮಾಡಿ ಮಾಡಿದ್ದೀರಿ!"

"ಹಾಗಾದ್ರೆ ಬೆಂಚು, ಮೇಡಂ?"

"ಛೆ ಛೆ, ಬೆಂಚು ಯಾರು ಬೇಕಾದ್ರೂ ಮಾಡ್ತಾರೆ. ನಿಮ್ಮಂಥ ಶಾಸ್ತ್ರ ಬಲ್ಲವರಿಗೆ ಬೆಂಚು ಕೊಟ್ಟರೆ ಅವಮಾನ. ಮುಂದಿನ ನಾಟಕಕ್ಕೆ ಮೋಶೆಯ ಕಾಲದ ದೇವರ ಗುಡಾರ ಮಾಡಿಕೊಡಿ. ಮೇಲುಹೊದಿಕೆ ಮಾತ್ರ ಶಾಸ್ತ್ರದಲ್ಲಿ ಹೇಳಿದ ಹಾಗೆ ತಹಷ್ ಚರ್ಮದ್ದೇ ಆಗಬೇಕು."

"ತಹಷ್ ಅಂದ್ರೆ?" ಹೆಸ್ಕೇಲ್ ಕೇಳಬಾರದಿತ್ತು.

"ಕಡಲಹಸು," ಅಂದರು ಮೇಷ್ಟ್ರು.

"ಹಣೆ ಮೇಲೆ ಒಂದೇ ಕೊಂಬಿದ್ದ ಪ್ರಾಣಿ. ಈಗ ಇಲ್ಲ," ಅಂದ ಜಖಾರಿಯಾ.

"ಪ್ರಾಣಿನೇ ಅಲ್ಲ, ಅದೊಂದು ಬಣ್ಣ," ಅಂದಳು ಸಬ್ರಿಯಾ.

ಹೆಸ್ಕೇಲ್ ಮೆಲ್ಲಗೆ ಹಡಗಿನೊಳಗೆ ಹೋಗಿ ಕೂತುಬಿಟ್ಟ. ಡಾಂಬರು ಇನ್ನೂ ಆರಿರಲಿಲ್ಲ.