ಹನುಮಪ್ಪ ಆರಿಸಿದ ಇಂಗ್ಲಿಷ್

ಮಾನ್ವಿಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ: ಹನುಮಪ್ಪ ದೇವರು. ನನ್ನ ಸೋದರಮಾವ, ಆ ದೇವರು ಹೇಳಿದ್ದನ್ನು ಬರೆದುಕೊಳ್ಳುವ ಗುಮಾಸ್ತ ಮಾತ್ರ. ಇದು ನನ್ನ ಕುಚೋದ್ಯವಲ್ಲ, ಮಾಮಾ ತಾವೇ ಒಪ್ಪಿಕೊಂಡ ಸಂಗತಿ.

ಮಾಮಾ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರು, ಗುಡಿಯಲ್ಲಿ ಪೂಜಾರಿಗಳು. ಕಚೇರಿಗಳಲ್ಲೆಲ್ಲ ಉರ್ದು ನಡೆಯುತ್ತಿದ್ದ ಕಾಲ. ಅಪರೂಪಕ್ಕೆ ಇಂಗ್ಲಿಷ್ ಅರ್ಜಿ ಬೇಕಾದವರು ದೇವದುರ್ಗದಿಂದಲೂ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಕ್ಷರವೇನೋ ಮುತ್ತು, ತೊಡಕೆಲ್ಲ ಕ್ರಿಯಾಪದದ್ದು. ‘ಹೇಳು’ ಎನ್ನಲು ‘ಸೇ’ ಬರೆಯಬೇಕೋ, ‘ಟೆಲ್’ ಬರೆಯಬೇಕೋ? ಸಂಶಯ ಬಂತೆಂದರೆ ಮಾಮಾ ಮಡಿಯುಟ್ಟು ಗುಡಿಗೆ ಹೊರಟರೆಂದೇ ಲೆಕ್ಕ. ಊರವರು ಮದುವೆ, ಎತ್ತು, ಬಾವಿಯ ವಿಚಾರ ಕೇಳುವಂತೆಯೇ, ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ‘ಸೇ’, ಎಡಗಡೆಯದಾದರೆ ‘ಟೆಲ್’.

ಒಮ್ಮೆ ‘ನೋಡು’ ಬಂತು. ನಮಗೇನು, ಮೋಡ ನೋಡಿದರೂ ನೋಡುವುದೇ, ಹೆಣ್ಣು ನೋಡಿದರೂ ನೋಡುವುದೇ. ಇಂಗ್ಲಿಷರಿಗೆ ಮೂರು: ‘ಸೀ’, ‘ಲುಕ್’, ‘ವಾಚ್’. ದೇವರಿಗೋ ಭುಜ ಎರಡೇ! ಮಾಮಾ ಮೊದಲು ‘ಸೀ’ಗೂ ‘ಲುಕ್’ಗೂ ಕುಸ್ತಿ ಹಚ್ಚಿದರು, ಗೆದ್ದದ್ದನ್ನು ‘ವಾಚ್’ ಮೇಲೆ ಬಿಟ್ಟರು.

ಹೆಡ್‌ಮಾಸ್ತರರು ಆ ಅರ್ಜಿ ಓದಿ, “ಆಚಾರ್ರೇ, ಇಲ್ಲಿ ತಪ್ಪಾಗ್ಯದ. ಇನ್ನೊಮ್ಮೆ ಕೇಳಿ ನೋಡ್ರಿ” ಎಂದರು.

“ದೇವರನ್ನ ಎರಡನೇ ಸಲ ಕೇಳಬಾರದ್ರೀ,” ಎಂದರು ಮಾಮಾ. “ಅವರ ಮಾತಿನ ಮ್ಯಾಲ ನಂಬಿಕಿ ಇಲ್ಲಂದಂಗ ಆಗ್ತದ.”

“ಹನುಮಪ್ಪಗ ಇಂಗ್ಲಿಷ್ ಎಲ್ಲಿ ಬರ್ತದ್ರೀ?”

“ಸಮುದ್ರಾನ ಹಾರಿ ಬಂದ ದೇವರ್ರೀ ಅದು. ನೀವು ತುಂಗಭದ್ರಾ ದಾಟೀರೇನು?”

ಇದನ್ನೆಲ್ಲ ನಾನು ಮನೆಮನೆಯಲ್ಲಿ ಆಡಿ ತೋರಿಸುತ್ತಿದ್ದೆ. ಭುಜಕ್ಕೆ ಹೂವಿಟ್ಟುಕೊಂಡ ದೇವರೂ ನಾನೇ, ಕಣ್ಣು ಪಿಳಿಪಿಳಿ ಬಿಡುವ ಮಾಮಾನೂ ನಾನೇ. ಗಿಣಿಮೂಗು ಮಾತ್ರ ನಮ್ಮಿಬ್ಬರದೂ ಒಂದೇ, ಅದಕ್ಕೆ ವೇಷ ಬೇಕಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ರಾಯಚೂರು ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರ ಜಾಗ ಖಾಲಿಯಾಯಿತು. ಅದು ಸಿಕ್ಕರೆ ಅವ್ವ, ತಂಗಿಯರ ಊಟ ನಡೆದೀತು. ಮಾಮಾ ಬರೆದ ಅರ್ಜಿ ಓದಿದ ಮೇಲೂ ಅಲ್ಲಿನ ಸಾಹೇಬರು ನನ್ನನ್ನು ಸಂದರ್ಶನಕ್ಕೆ ಕರೆಸಿದರು. ಹೊರಡುವ ಬೆಳಿಗ್ಗೆ ಮಾಮಾನ ಕಾಲಿಗೆ ಬೀಳಲು ಗುಡಿಗೆ ಹೋದೆ. ಅವರು ದೇವರ ಮುಂದೆ ಕೈಮುಗಿದು ನಿಂತಿದ್ದರು; ದೇವರ ಭುಜಗಳ ಮೇಲೆ ಹೂವು.

“ಇವತ್ತು ಯಾವ ಕ್ರಿಯಾಪದ, ಮಾಮಾ?”

“ಕ್ರಿಯಾಪದ ಅಲ್ಲೋ. ನಿನ್ನ ನೌಕರಿ ಕೇಳೀನಿ. ಬಲಗಡೀದು ಬಿದ್ರ ಸಿಗ್ತದ.”

ಕೆಳಗೆ ನೋಡಿದೆ. ದೇವರ ಎಡಪಾದದ ಬಳಿ ಆಗಲೇ ನಾಲ್ಕು ಹೂವು ಬಿದ್ದಿದ್ದವು.

ಮಾಮಾ ನನ್ನತ್ತ ತಿರುಗಲಿಲ್ಲ. “ನೀ ಬಸ್ಸಿಗೆ ನಡಿ,” ಎಂದರು. “ಬಲಗಡೀದು ಬೀಳೂತನಾ ನಾ ಇಲ್ಲೇ ಇರ್ತೀನಿ.”